ತಾತನ ಟ್ರಂಕಿನ ಎರಡು ತೋಟಾ: ಒಂದು ಖಾಲಿ, ಇನ್ನೊಂದು ಇನ್ನೂ ಜೀವಂತ

ಪ್ರಶ್ನೆ: ಸರ್, ನಾವು ಮಧುಗಿರಿ ತಾಲ್ಲೂಕಿನವರು. ನಮ್ಮ ತಾತ 1958ರಿಂದ 1977ರವರೆಗೆ ಮಿಲಿಟರಿಯಲ್ಲಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಹಳೇ ಮನೆ ರಿಪೇರಿಗೆ ಸಾಮಾನು ಸಾಗಿಸುವಾಗ ಅವರ ಕಬ್ಬಿಣದ ಟ್ರಂಕಿನಲ್ಲಿ ಎರಡು ಹಿತ್ತಾಳೆ ತೋಟಾ ಸಿಕ್ಕವು. ಒಂದಕ್ಕೆ ತಳದಲ್ಲಿ ಅಂಚು ಹೊರಗೆ ಚಾಚಿದೆ, ಮೇಲೆ ತೂತಿದೆ, ತಳದ ಮಧ್ಯೆ ಸಣ್ಣ ಗುಳಿ ಬಿದ್ದಿದೆ. ಅದರ ಮೇಲೆ ಕೆ, ಎಫ್ ಮತ್ತು 7 ಎಂದು ಓದಬಹುದು. ಇನ್ನೊಂದಕ್ಕೆ ಚೂಪು ಮೂತಿ ಇದೆ, ಗುಳಿ ಇಲ್ಲ. ಓ ಎಫ್ ವಿ, 7.62 ಎಂದು ಕೊರೆದಿದೆ. ತಾತ ಯಾವಾಗಲೂ ‘ತ್ರೀ ನಾಟ್ ತ್ರೀ’ ಬಂದೂಕಿನ ಕಥೆ ಹೇಳುತ್ತಿದ್ದರು. ಇವು ಅದರವೇನಾ? ನನ್ನ ಮಗ ಫೋನಿನ ಆಟ ನೋಡಿ, 7.62 ಅಂದರೆ ಎ.ಕೆ. 47 ಗುಂಡು ಅನ್ನುತ್ತಾನೆ. ನಿಜವೇ? ತಾತನ ನೆನಪಿಗೆ ಇವನ್ನು ಶೋಕೇಸಿನಲ್ಲಿ ಇಡಬಹುದಾ?

ಉತ್ತರ: ನೋಡಿಯಮ್ಮಾ, ಮೊದಲು ಒಂದು ಮಾತು. ಚೂಪು ಮೂತಿಯ ಆ ಎರಡನೆಯ ತೋಟಾ ಜೀವಂತವಾಗಿದೆ. ಅದನ್ನು ಈಗ ಎಲ್ಲಿಟ್ಟಿದ್ದೀರೋ ಅಲ್ಲೇ ಬಿಡಿ. ಉಜ್ಜಬೇಡಿ, ಹುಣಸೆಹಣ್ಣು ಹಚ್ಚಿ ಬೆಳಗಬೇಡಿ, ಮಗನ ಕೈಗೆ ಕೊಡಬೇಡಿ. ಆ ಕೋಣೆಗೆ ಬೀಗ ಹಾಕಿ, ಆಮೇಲೆ ಉಳಿದದ್ದನ್ನು ಓದಿ. ಏನು ಮಾಡಬೇಕು ಅಂತ ಕೊನೆಗೆ ವಿವರವಾಗಿ ಬರೆದಿದ್ದೇನೆ.

ನಾನು ಸೇನೆಯಲ್ಲಿ 24 ವರ್ಷ ಆರ್ಮರರ್ ಆಗಿದ್ದವನು. ಅಂದರೆ ಜವಾನರ ಬಂದೂಕು ಬಿಚ್ಚಿ, ನೋಡಿ, ರಿಪೇರಿ ಮಾಡಿ ಕೊಡುವ ಕೆಲಸ. ಸೇರಿದಾಗ ಕೈಗೆ ಬಂದದ್ದೆಲ್ಲ ಎಸ್‌ಎಲ್‌ಆರ್ ಬಂದೂಕು, ಹೊರಗೆ ಬರುವಾಗ ಅದರ ನಂತರದ ಇನ್ಸಾಸ್ ಬಂದೂಕು. ಈಗ ಗೌರಿಬಿದನೂರಿನ ಹತ್ತಿರ ನಮ್ಮ ಹೊಲದಲ್ಲಿದ್ದೇನೆ. ನಿಮ್ಮಂಥ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಮಿಲಿಟರಿಗೆ ಹೋಗಿ ಬಂದವರ ಮನೆಗಳು ಬೇಕಾದಷ್ಟಿವೆ. ಹಳೇ ಟ್ರಂಕುಗಳೂ ಅಷ್ಟೇ ಇವೆ.

ನಿಮ್ಮ ಎರಡೂ ತೋಟಾಗಳ ತಳವನ್ನೇ ಮೊದಲು ಓದೋಣ. ತೋಟಾಕ್ಕೆ ತಳವೇ ಜಾತಕ. ಎಲ್ಲಿ ಹುಟ್ಟಿತು, ಯಾವ ಬಂದೂಕಿಗೆ ಸೇರಿದ್ದು ಎಂಬುದು ಅಲ್ಲೇ ಇರುತ್ತದೆ.

ಅಂಚು ಚಾಚಿರುವುದು ತಾತ ಹೇಳುತ್ತಿದ್ದ ತ್ರೀ ನಾಟ್ ತ್ರೀಯದೇ. ಕೆ ಎಫ್ ಅಂದರೆ ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆ. ಬ್ರಿಟಿಷರು ಆ ಊರನ್ನು ಕಿರ್ಕೀ ಎನ್ನುತ್ತಿದ್ದರು, ಅದರಿಂದ ಆ ಕೆ. 1869ರಲ್ಲಿ ಶುರುವಾದ ಕಾರ್ಖಾನೆ ಅದು, ಇವತ್ತಿಗೂ ನಡೆಯುತ್ತಿದೆ. 7 ಅಂದರೆ ಏಳನೆಯ ಮಾದರಿ, ‘ಮಾರ್ಕ್ 7’. ಮಧ್ಯದ ಗುಳಿ ಬಂದೂಕಿನ ಸೂಜಿ ಹೊಡೆದ ಗುರುತು. ಗುಂಡು ಹಾರಿಹೋಗಿದೆ, ಉಳಿದಿರುವುದು ಬರೀ ಕವಚ. ಸೇನೆಯಲ್ಲಿ ನಾವು ಇದನ್ನು ‘ಖಾಲಿ ಖೋಕಾ’ ಅನ್ನುತ್ತೇವೆ.

ಎರಡನೆಯದರ ಓ ಎಫ್ ವಿ ಅಂದರೆ ವರಣಗಾಂವ್ ಕಾರ್ಖಾನೆ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿದೆ. ಅದು ಶುರುವಾದದ್ದು 1964ರಲ್ಲಿ. ಹಾಗಾಗಿ ನಿಮ್ಮ ತೋಟಾ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಒಂದೇ ಟ್ರಂಕಿನಲ್ಲಿ ಈ ಎರಡೂ ಇವೆ ಅಂದರೆ, ನಿಮ್ಮ ತಾತ ತಮ್ಮ ನೌಕರಿಯಲ್ಲಿ ಎರಡು ಕಾಲದ ಬಂದೂಕು ಹಿಡಿದಿದ್ದಾರೆ ಅಂತ ಅರ್ಥ. ಪ್ರತಿ ಗುಂಡಿಗೂ ಬೋಲ್ಟ್ ಎಂಬ ಹಿಡಿಯನ್ನು ಕೈಯಿಂದ ಎಳೆಯುವ ತ್ರೀ ನಾಟ್ ತ್ರೀಯಿಂದ ತಾನೇ ಲೋಡ್ ಆಗುವ ಎಸ್‌ಎಲ್‌ಆರ್‌ಗೆ ಸೇನೆ ದಾಟಿದ ವರ್ಷಗಳು ಅವು. ಅದರ ಕಥೆ ಮುಂದೆ ಹೇಳುತ್ತೇನೆ.

ಈಗ ತೋಟಾ ಅಂದರೇನು ನೋಡಿ. ಜನ ‘ಬುಲೆಟ್’ ಅಂತ ಎಲ್ಲಕ್ಕೂ ಒಂದೇ ಹೆಸರು ಇಡುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆ ಬಂದೂಕಿಗೆ ತುಪಾಕಿ ಅನ್ನುವವರೂ ತೋಟಾಕ್ಕೆ ಗುಂಡು ಅಂತಲೇ ಅನ್ನುತ್ತಾರೆ. ನಿಜಕ್ಕೂ ಗುಂಡು ಅಂದರೆ ಮುಂದಿನ ಚೂಪು ತುಂಡು ಮಾತ್ರ. ಅದು ಕೂತಿರುವ ಹಿತ್ತಾಳೆ ಕೊಳವೆ ಖೋಕಾ. ಅದರೊಳಗೆ ಮದ್ದು. ತಳದ ಮಧ್ಯೆ ಕೇಪು. ಸೂಜಿ ಕೇಪಿಗೆ ಬಡಿದರೆ ಕಿಡಿ ಹುಟ್ಟುತ್ತದೆ, ಮದ್ದು ಉರಿಯುತ್ತದೆ, ಹೊಗೆ ಹಿಗ್ಗಿ ಗುಂಡನ್ನು ನಳಿಗೆಯೊಳಗೆ ತಳ್ಳುತ್ತದೆ. ಆ ಒತ್ತಡ ಎಷ್ಟು ಗೊತ್ತಾ? ನಿಮ್ಮ ಬೈಕ್ ಟೈರಿಗೆ ಹಾಕಿಸುವ ಗಾಳಿ 30 ಪೌಂಡಿನ ಆಸುಪಾಸು. 7.62ರ ತೋಟಾದೊಳಗೆ ಅದೇ ಲೆಕ್ಕದಲ್ಲಿ 50,000 ಪೌಂಡಿನ ಹತ್ತಿರ ಹೋಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ.

ಹಿತ್ತಾಳೆಯೇ ಯಾಕೆ? ನನಗೆ ಇಡೀ ತೋಟಾದಲ್ಲಿ ಅತಿ ಇಷ್ಟವಾದ ವಿಷಯ ಇದು. 70 ಭಾಗ ತಾಮ್ರ, 30 ಭಾಗ ಸತು. ಒತ್ತಡ ಬಂದ ಕೂಡಲೇ ಖೋಕಾ ಉಬ್ಬಿ ಬಂದೂಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಬಿಸಿ ಹೊಗೆ ಹಿಂದಕ್ಕೆ ನುಗ್ಗಿ ಸಿಪಾಯಿಯ ಮುಖ ಸುಡುವುದಿಲ್ಲ. ಗುಂಡು ಹೊರಗೆ ಹೋದ ಕ್ಷಣವೇ ಹಿತ್ತಾಳೆ ಸ್ವಲ್ಪ ಕುಗ್ಗುತ್ತದೆ, ಗೋಡೆ ಬಿಡುತ್ತದೆ, ಸಲೀಸಾಗಿ ಹೊರಗೆ ಬರುತ್ತದೆ. ಉಬ್ಬಬೇಕು, ಹರಿಯಬಾರದು, ಮತ್ತೆ ಕುಗ್ಗಬೇಕು. ಈ ಮೂರೂ ಗುಣ ಒಟ್ಟಿಗೆ ಇರುವ ಅಗ್ಗದ ಲೋಹ ಕಡಿಮೆ.

ಇದರಲ್ಲೇ ಒಂದು ಅಪಾಯ ಇದೆ. ಅದು ಹಳ್ಳಿ ಮನೆಗೆ ನೇರವಾಗಿ ಸಂಬಂಧಪಟ್ಟದ್ದು. ಬ್ರಿಟಿಷರ ಕಾಲದಲ್ಲಿ ಇಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆಗಾಲ ಬಂದರೆ ಯಾರೂ ಮುಟ್ಟದ ಹಿತ್ತಾಳೆ ತಾನಾಗಿ ಸೀಳುತ್ತಿತ್ತು. ಮಳೆಗಾಲದಲ್ಲಿ ಆಗುವ ಬಿರುಕು ಎಂದೇ ಅದಕ್ಕೆ ಹೆಸರು ಬಿತ್ತು. ಕಾರಣ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ! ತೋಟಾ ಮಾಡುವಾಗ ಹಿತ್ತಾಳೆಯನ್ನು ಎಳೆದು ಹಿಸುಕಿರುತ್ತಾರೆ. ಆ ಬಿಗಿ ಲೋಹದೊಳಗೇ ಉಳಿದಿರುತ್ತದೆ. ಅಮೋನಿಯಾ ಆ ಬಿಗಿಯನ್ನು ಹಿಡಿದು ಸೀಳುತ್ತದೆ. ನಮ್ಮ ಹಳೇ ಮನೆಗಳಲ್ಲಿ ನಡುಮನೆಗೆ ಅಂಟಿಕೊಂಡೇ ಕೊಟ್ಟಿಗೆ ಇರುತ್ತದೆ ಅಲ್ವಾ? ಟ್ರಂಕು ಅಟ್ಟದ ಮೇಲೆ ಐವತ್ತು ವರ್ಷ ಕೂತಿದ್ದರೆ ಕೊಟ್ಟಿಗೆಯ ಗಾಳಿ ಅದಕ್ಕೂ ತಾಗಿರುತ್ತದೆ. ಖೋಕಾದ ಕುತ್ತಿಗೆಯಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದು ಇದೇ. ಹಾಗಂತ ಗೆರೆ ಹುಡುಕಲು ಮತ್ತೆ ಕೈಗೆತ್ತಿಕೊಳ್ಳಬೇಡಿ. ಹಳೆಯದಾಯಿತು, ಮದ್ದು ಸತ್ತಿರುತ್ತದೆ ಅನ್ನುವವರ ಮಾತನ್ನೂ ನಂಬಬೇಡಿ. ಐವತ್ತು, ಅರವತ್ತು ವರ್ಷದ ತೋಟಾಗಳು ಸಿಡಿಯುವುದು ಸಾಮಾನ್ಯ.

ನಾನು ಹತ್ತು ವರ್ಷದವನಿದ್ದಾಗ ನಮ್ಮೂರಿನಲ್ಲಿ ಒಂದು ಘಟನೆ ಆಯಿತು. ನನ್ನ ಜೊತೆಯ ಹುಡುಗನೊಬ್ಬನಿಗೆ ಎಲ್ಲೋ ಒಂದು ತೋಟಾ ಸಿಕ್ಕಿತು. ನೀರು ಕಾಯಿಸುವ ಹಂಡೆ ಒಲೆಗೆ ಹಾಕಿ ಬಾಗಿಲ ಹಿಂದೆ ನಿಂತು ನೋಡಿದ. ಸಿಡಿಯಿತು. ಗುಂಡು ಅಲ್ಲೇ ಬೂದಿಯಲ್ಲಿ ಸಿಕ್ಕಿತು. ಆದರೆ ಹಿತ್ತಾಳೆಯ ಚೂರು ಬಾಗಿಲ ಸಂದಿಯಿಂದ ಬಂದು ಅವನ ಎಡಗಣ್ಣಿಗೆ ಹೊಡೆಯಿತು. ಕಣ್ಣು ಹೋಯಿತು. ಬಂದೂಕಿನ ಹೊರಗೆ ಸಿಡಿದರೆ ಹೀಗೇ ಆಗುವುದು. ಗುಂಡು ಭಾರ, ಅದನ್ನು ಒಂದು ದಿಕ್ಕಿಗೆ ಹಿಡಿದು ನಡೆಸಲು ನಳಿಗೆ ಇಲ್ಲ. ಹಗುರ ಹಿತ್ತಾಳೆಯೇ ಹರಿದು ನಾಲ್ಕೂ ಕಡೆ ಹಾರುತ್ತದೆ. ನಾನು ಆರ್ಮರರ್ ಕೆಲಸ ಕಲಿಯುವಾಗ ಮೊದಲ ದಿನವೇ ಇದನ್ನು ಹೇಳಿಕೊಟ್ಟರು. ಅವತ್ತು ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು.

ಇನ್ನು ತಾತನ ತ್ರೀ ನಾಟ್ ತ್ರೀ. ಬಂದೂಕಿನ ಹೆಸರು ಲೀ-ಎನ್‌ಫೀಲ್ಡ್. .303 ಅನ್ನುವುದು ನಳಿಗೆಯ ಅಳತೆ, ಅಂಗುಲದಲ್ಲಿ. ಮಿಲಿಮೀಟರಿಗೆ ತಂದರೆ 7.7. ಈ ತೋಟಾ 1888ರ ಸುಮಾರಿಗೆ ಬಂದಾಗ ಒಳಗೆ ಕಪ್ಪು ಮದ್ದಿತ್ತು, ಹಬ್ಬದ ಪಟಾಕಿಯ ಹಾಗೆ ಹೊಗೆ. ಸ್ವಲ್ಪ ವರ್ಷದಲ್ಲೇ ಕಾರ್ಡೈಟ್ ಬಂತು. ಅದು ಪುಡಿಯಲ್ಲ, ನಮ್ಮ ಒತ್ತು ಶಾವಿಗೆ ಎಳೆಗಳ ಥರ ಕಡ್ಡಿಗಳ ಕಟ್ಟು. ಹೊಗೆ ಬಹಳ ಕಡಿಮೆ. ದಕ್ಷಿಣದಲ್ಲಿ ಇದನ್ನು ನೀಲಗಿರಿಯ ಅರುವಂಕಾಡಿನಲ್ಲಿ ಮಾಡುತ್ತಿದ್ದರು. ಊಟಿಗೆ ಹೋಗುವ ಪುಟ್ಟ ರೈಲಿನಲ್ಲಿ ಕೂತವರು ಆ ಸ್ಟೇಷನ್ ಹೆಸರು ನೋಡಿರುತ್ತೀರಿ.

ಈ .303ಕ್ಕೆ ಸೇರಿದ ಒಂದು ಕಥೆ ಜಗತ್ತಿನ ಕಾನೂನನ್ನೇ ಬದಲಿಸಿತು. ವಾಯವ್ಯ ಗಡಿಯ ಯುದ್ಧಗಳಲ್ಲಿ, 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಬ್ರಿಟಿಷ್ ಸೈನಿಕರು ದೂರಿದರು. ಹೊಸ ಗುಂಡು ದೇಹದೊಳಗೆ ಹೊಕ್ಕು ಆ ಕಡೆ ಹೊರಟುಹೋಗುತ್ತದೆ, ಪೆಟ್ಟು ತಿಂದವನು ನಿಲ್ಲದೆ ಮುಂದೆ ಬರುತ್ತಾನೆ ಅಂತ. ಆಗ ಕಲ್ಕತ್ತದ ಹತ್ತಿರದ ಡಂಡಂ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ ಗುಂಡಿನ ತುದಿಯ ಗಟ್ಟಿ ಹೊದಿಕೆ ತೆಗೆದು, ಒಳಗಿನ ಸೀಸ ಕಾಣುವ ಹಾಗೆ ಮಾಡಿದ. ಮೈಗೆ ತಾಗಿದ ಕೂಡಲೇ ಆ ಗುಂಡು ಅಣಬೆಯ ಹಾಗೆ ಅರಳಿ ಭಯಂಕರ ಗಾಯ ಮಾಡುತ್ತಿತ್ತು. ಅದೇ ಡಂಡಂ ಗುಂಡು. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ದೇಶಗಳು, ಮೈಯೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತ ಘೋಷಣೆ ಹೊರಡಿಸಿದವು. ಇವತ್ತಿಗೂ ಸೇನೆಗಳ ಗುಂಡಿಗೆ ಪೂರ್ತಿ ಲೋಹದ ಹೊದಿಕೆ ಇರುವುದು ಇದರಿಂದಲೇ.

ನಿಮ್ಮ ಖೋಕಾದ ಮೇಲಿರುವ ಮಾರ್ಕ್ 7 ಬಂದದ್ದು 1910ರಲ್ಲಿ. ಅದರ ಗುಂಡು ಹೊರಗಿನಿಂದ ನಿಯಮದ ಪ್ರಕಾರವೇ ಇತ್ತು. ಆದರೆ ಒಳಗೆ ತುದಿಗೆ ಅಲ್ಯೂಮಿನಿಯಂ ತುಂಬಿ, ಹಿಂದೆ ಸೀಸ ಇಟ್ಟಿದ್ದರು. ಮೂತಿ ಹಗುರ, ಬಾಲ ಭಾರ. ತಾಗಿದ ಮೇಲೆ ಗುಂಡು ಒಳಗೆ ಲಾಗ ಹಾಕುತ್ತಿತ್ತು. ನಾನು ಇದನ್ನು ಜಾಣತನ ಅಂತ ಹೊಗಳಲಾರೆ. ನಾನಿರುವ ಕಡೆಯಿಂದ ವಿದುರಾಶ್ವತ್ಥ ಬಹಳ ದೂರವಿಲ್ಲ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಲ್ಲಿನ ಸ್ಮಾರಕಕ್ಕೆ ಒಮ್ಮೆ ಮಗನನ್ನು ಕರೆದುಕೊಂಡು ಹೋಗಿ. ಫೋನಿನ ಆಟದಲ್ಲಿ ಗುಂಡು ತಾಗಿದವನು ಮತ್ತೆ ಎದ್ದು ಬರುತ್ತಾನೆ.

ತಾತ ಸೇರಿದ 1958ರಲ್ಲಿ ಸೇನೆಯ ಕೈಯಲ್ಲಿ ಇದ್ದದ್ದು ಈ ಲೀ-ಎನ್‌ಫೀಲ್ಡೇ. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಮ್ಯಾಗಜಿನ್ನಿನಲ್ಲಿ, ಅಂದರೆ ಬಂದೂಕಿನ ತೋಟಾ ಡಬ್ಬಿಯಲ್ಲಿ, 10 ತೋಟಾ. ಐದೈದನ್ನು ಒಂದು ಕ್ಲಿಪ್ಪಿನಲ್ಲಿ ಸಿಕ್ಕಿಸಿ ಮೇಲಿನಿಂದ ಒತ್ತಬೇಕು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಫೈರಿಂಗ್ ಮುಗಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದರು ಅಂತ ತಾತ ಹೇಳಿದ್ದು ನಿಮಗೆ ನೆನಪಿರಬಹುದು. ಅದು ಸುಮ್ನೆ ಮಾಡುತ್ತಿದ್ದದ್ದಲ್ಲ. ಆ ಕಾಲದ ಕೇಪು ಉರಿದರೆ ಉಪ್ಪಿನಂಥ ಪದಾರ್ಥ ಉಳಿಯುತ್ತಿತ್ತು. ಉಪ್ಪು ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತಿತ್ತು. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಆಮೇಲೆ ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಎಳೆದು, ಒಣಗಿಸಿ, ಎಣ್ಣೆ ಹಚ್ಚುವುದು.

1962ರಲ್ಲಿ ಚೀನಾದ ಜೊತೆ ಯುದ್ಧವಾಯಿತು. ನಮ್ಮವರ ಕೈಯಲ್ಲಿ ಇದೇ ಬೋಲ್ಟ್ ಬಂದೂಕು. ಎದುರಿನವರ ಕೈಯಲ್ಲಿ ಟ್ರಿಗರ್ ಒತ್ತಿದಷ್ಟೂ ತಾನೇ ಲೋಡ್ ಆಗುವ ಬಂದೂಕು. ಸೋಲಿಗೆ ಕಾರಣ ಬಂದೂಕು ಒಂದೇ ಅಲ್ಲ. ಚಳಿಗೆ ಬಟ್ಟೆ ಇರಲಿಲ್ಲ, ರಸ್ತೆ ಇರಲಿಲ್ಲ. ಆದರೂ ಆ ಚಳಿಯಲ್ಲಿ ಮರಗಟ್ಟಿದ ಬೆರಳಿನಿಂದ ಒಂದೊಂದು ಗುಂಡಿಗೂ ಬೋಲ್ಟ್ ಎಳೆದವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ದಶಕದಲ್ಲೇ ಇಶಾಪುರದಿಂದ ಎಸ್‌ಎಲ್‌ಆರ್ ಬಂತು. ಹೆಸರಿನ ಅರ್ಥವೇ ತಾನಾಗಿ ಲೋಡ್ ಆಗುವ ರೈಫಲ್ ಅಂತ. ಬೆಲ್ಜಿಯಂನ ಎಫ್‌ಎಎಲ್ ಬಂದೂಕಿನ ತಮ್ಮ ಅನ್ನಬಹುದು. ಮ್ಯಾಗಜಿನ್ನಿಗೆ 20. ತೂಕ ನಾಲ್ಕೂವರೆ ಕೆಜಿ ಹತ್ತಿರ. ಭುಜಕ್ಕೆ ಒದೆಯುವುದು ಜಾಸ್ತಿ, ಹೊಸ ಹುಡುಗರ ಭುಜ ನೀಲಿಗಟ್ಟುತ್ತಿತ್ತು. ಆದರೆ ನಂಬಿಕೆಗೆ ಅಂಥ ಇನ್ನೊಂದು ಬಂದೂಕನ್ನು ನಾನು ಕೈಯಲ್ಲಿ ಹಿಡಿದಿಲ್ಲ. ನಿಮ್ಮ ಓ ಎಫ್ ವಿ ತೋಟಾ ಈ ಪೀಳಿಗೆಯದು. ಎಸ್‌ಎಲ್‌ಆರ್ ಎಲ್ಲರಿಗೂ ಒಂದೇ ಸಲಕ್ಕೆ ಸಿಗಲಿಲ್ಲ. ಹಾಗಾಗಿ ಹಳೇ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಿನಲ್ಲಿ ಮಾಡಿ, ಹೊಸ 7.62 ತೋಟಾ ಹಿಡಿಸುವ ಬೋಲ್ಟ್ ಬಂದೂಕನ್ನೂ ಇಶಾಪುರದಲ್ಲಿ ತಯಾರಿಸಿದರು. ಅದಕ್ಕೆ ‘2ಎ’ ಅಂತ ಹೆಸರು. ನೋಡಲು ಥೇಟ್ ತ್ರೀ ನಾಟ್ ತ್ರೀ, ಮ್ಯಾಗಜಿನ್ ಮಾತ್ರ ಚೌಕ. ನಮ್ಮ ಪೊಲೀಸ್ ಠಾಣೆಗಳ ಹಳೇ ಬಂದೂಕು ನೋಡಿ ಎಷ್ಟೋ ಜನ ತ್ರೀ ನಾಟ್ ತ್ರೀ ಅಂದುಕೊಳ್ಳುವುದು ಇದನ್ನೂ ಸೇರಿಸಿಯೇ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಅರ್ಧ ನಿಜ. ಎ.ಕೆ. 47ದೂ 7.62, ಎಸ್‌ಎಲ್‌ಆರ್‌ದೂ 7.62. ಆದರೆ ಒಂದರ ತೋಟಾ ಇನ್ನೊಂದಕ್ಕೆ ನಡೆಯುವುದಿಲ್ಲ. ನಂಬರು ಹೇಳುವುದು ನಳಿಗೆಯ ಒಳ ಅಳತೆಯನ್ನು ಮಾತ್ರ, ತೋಟಾದ ಅಳತೆಯನ್ನಲ್ಲ. ಅರ್ಧ ಇಂಚಿನ ಪೈಪು ಅಂದರೆ ಸಾಕಾ? ಅದಕ್ಕೆ ಹಾಕುವ ನಲ್ಲಿಯ ತಿರುಪು ಬೇರೆ ಇದ್ದರೆ ಕೂರುವುದೇ ಇಲ್ಲ ಅಲ್ವಾ? ಹಾಗೇ ಇದೂ. ಆದ್ದರಿಂದ ಬಲ್ಲವರು ಯಾವಾಗಲೂ ಎರಡು ನಂಬರು ಹೇಳುತ್ತಾರೆ. ಎಸ್‌ಎಲ್‌ಆರ್ ತೋಟಾ 7.62×51. ಎ.ಕೆ. 47ರದು 7.62×39. ಎರಡನೆಯ ನಂಬರು ಖೋಕಾದ ಉದ್ದ, ಮಿಲಿಮೀಟರಿನಲ್ಲಿ. ನಿಮ್ಮ ತೋಟಾದ ಖೋಕಾ ಎ.ಕೆ.ದಕ್ಕಿಂತ ಒಂದು ಸೆಂಟಿಮೀಟರಿಗೂ ಜಾಸ್ತಿ ಉದ್ದ. ಎ.ಕೆ. ಒಳಗೆ ಕೂರುವುದೇ ಇಲ್ಲ.

ಮೂರನೆಯದೂ ಒಂದಿದೆ, 7.62×54 ಅಂಚಿನದು. ರಷ್ಯಾದವರು 1891ರಲ್ಲಿ ಮಾಡಿದ ತೋಟಾ. ನಮ್ಮ ಸೇನೆಯ ದ್ರಾಗುನೋವ್ ಸ್ನೈಪರ್ ಬಂದೂಕಿಗೂ, ಟಿ-72 ಟ್ಯಾಂಕಿನ ಮೆಷಿನ್ ಗನ್ನಿಗೂ ಇದೇ. ಹೀಗೆ ಒಂದೇ ಸೇನೆಯಲ್ಲಿ ಮೂರು ಜಾತಿಯ 7.62. ಸ್ಟೋರಿನಲ್ಲಿ ಪೆಟ್ಟಿಗೆ ಅದಲುಬದಲಾಗದ ಹಾಗೆ ನೋಡಿಕೊಳ್ಳುವುದು ನಮ್ಮ ಪಾಲಿಗೆ ದೊಡ್ಡ ಕೆಲಸವೇ ಆಗಿತ್ತು.

ಶಕ್ತಿಯಲ್ಲೂ ವ್ಯತ್ಯಾಸ ಬಹಳ. ನಿಮ್ಮಲ್ಲಿರುವ ಜಾತಿಯ ಗುಂಡು ಸುಮಾರು ಒಂಬತ್ತೂವರೆ ಗ್ರಾಂ, ನಳಿಗೆ ಬಿಡುವಾಗ ಸೆಕೆಂಡಿಗೆ 840 ಮೀಟರಿನ ಆಸುಪಾಸು. ಶಬ್ದದ ವೇಗಕ್ಕಿಂತ ಎರಡು ಪಟ್ಟಿಗೂ ಮೇಲೆ. ಎ.ಕೆ. ಗುಂಡು ಸುಮಾರು ಎಂಟು ಗ್ರಾಂ, ವೇಗ 715 ಮೀಟರಿನ ಹತ್ತಿರ. ಅದನ್ನು ಮಾಡಿದ್ದೇ ಹತ್ತಿರದ ಕಾದಾಟಕ್ಕೆ. ಮುನ್ನೂರು, ನಾನೂರು ಮೀಟರಿನೊಳಗೆ ಬೇಗ ಬೇಗ ಹೊಡೆಯಲಿ, ಭುಜಕ್ಕೆ ಒದೆತ ಕಡಿಮೆ ಇರಲಿ, ಜವಾನ ಜಾಸ್ತಿ ಹೊರಲಿ ಅಂತ.

ಹೊರುವ ಮಾತು ಬಂತಲ್ಲ, 5.56 ಹುಟ್ಟಿದ್ದೂ ಅದಕ್ಕೇ. ನಿಮ್ಮ 7.62ರ ಒಂದು ತೋಟಾ 24 ಗ್ರಾಂ ತೂಗುತ್ತದೆ. 5.56ರದು ಅದರ ಅರ್ಧ. ನೂರು ತೋಟಾ ಬೆನ್ನಿಗೆ ಹಾಕಿಕೊಂಡರೆ ಒಂದು ಕೆಜಿಗೂ ಹೆಚ್ಚು ಉಳಿತಾಯ. ನಮ್ಮ ಮಧುಗಿರಿ ಬೆಟ್ಟವನ್ನು ಒಮ್ಮೆ ಹತ್ತಿದವರಿಗೆ ಒಂದು ಕೆಜಿ ಅಂದರೆ ಏನು ಅಂತ ಗೊತ್ತು. ಹದಿನೆಂಟು ಸಾವಿರ ಅಡಿಯಲ್ಲಿ ಉಸಿರೇ ಸಿಗದ ಕಡೆ ಯೋಚನೆ ಮಾಡಿ. ನಮ್ಮ ಇನ್ಸಾಸ್ ಈ 5.56×45 ತೋಟಾದ ಬಂದೂಕು, 1990ರ ದಶಕದ ಕೊನೆಗೆ ಬಂತು. 1999ರ ಕಾರ್ಗಿಲ್‌ನಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಚಳಿಗೆ ಬಿರುಕು ಬಿಟ್ಟ ದೂರುಗಳು ಬಂದವು. ಮುಂದೆ ತಿದ್ದಿದರು. ಈಗ ಸೇನೆ ಮತ್ತೆ 7.62ಕ್ಕೆ ಮರಳುತ್ತಿದೆ. ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎ.ಕೆ. 203ರದು 7.62×39. 2019ರಲ್ಲಿ ಅಮೆರಿಕದಿಂದ ಕೊಂಡ 72,400 ಸಿಗ್ 716 ಬಂದೂಕುಗಳದು ನಿಮ್ಮ ತಾತನ ತೋಟಾದ ಜಾತಿಯೇ, 7.62×51. ಎಪ್ಪತ್ತು ವರ್ಷದ ಹಿಂದೆ ಅಮೆರಿಕ, ಯುರೋಪಿನ ನೇಟೋ ಮಿತ್ರಕೂಟದ ದೇಶಗಳು ಒಪ್ಪಿಕೊಂಡ ತೋಟಾ ಇನ್ನೂ ಗಡಿಯಲ್ಲಿ ನಿಂತಿದೆ. ಮಗನಿಗೆ ಇದನ್ನು ಹೇಳಿ, ಖುಷಿಪಡುತ್ತಾನೆ.

ಇನ್ನು ಮನೆಯಲ್ಲಿ ಇಡುವ ಪ್ರಶ್ನೆ. ಜೀವಂತ ತೋಟಾವನ್ನು ಇಟ್ಟುಕೊಳ್ಳುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಯಾವ ತೋಟಾ ಇಟ್ಟರೂ ಅಪರಾಧ. ಇದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. .303 ಮತ್ತು 7.62ರ ಸೇನಾ ತೋಟಾ ಹಾರಿಸಬಲ್ಲ ಬಂದೂಕುಗಳು ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ, ಎಂಬ ಪಟ್ಟಿಯಲ್ಲಿವೆ. ಅವಕ್ಕೆ ನಿಮ್ಮ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡಲು ಬರುವುದಿಲ್ಲ, ದೆಹಲಿಯ ಗೃಹ ಸಚಿವಾಲಯವೇ ಕೊಡಬೇಕು. ನಮ್ಮ ಕಡೆ ರೈತರು ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ತಗೊಂಡು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಬಂದೂಕುಗಳೆಲ್ಲ ಬೇರೆ ಜಾತಿಯವು. ಸಾಮಾನ್ಯ ಜನರಿಗೆ .315 ಅಂತ ಒಂದು ರೈಫಲ್ ಸಿಗುತ್ತದೆ. ಆ ಅಳತೆ ಬ್ರಿಟಿಷರ ಕಾಲದಿಂದ ಬಂದದ್ದು. ಸೇನೆಯ ತೋಟಾ ಕದ್ದು ತಂದರೂ ಅದರಲ್ಲಿ ಕೂರಬಾರದು ಅನ್ನುವುದೇ ಅದರ ಉದ್ದೇಶ. ನಂಬರಿನ ವ್ಯತ್ಯಾಸ ಅಂದರೆ ಬರೀ ಅಳತೆಯಲ್ಲ, ಅದರ ಹಿಂದೆ ಇಂಥ ಲೆಕ್ಕಾಚಾರವೂ ಇದೆ.

ನಿಮ್ಮ ಮೇಲೆ ಕೇಸು ಬೀಳುತ್ತದಾ ಅಂತ ಭಯ ಬೇಡ. ಗೊತ್ತಿದ್ದೂ ಇಟ್ಟುಕೊಂಡಿದ್ದರಾ ಅನ್ನುವುದನ್ನು ನ್ಯಾಯಾಲಯಗಳು ಮುಖ್ಯವಾಗಿ ನೋಡುತ್ತವೆ. ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ಮೂಲೆಯಲ್ಲಿ ಒಂದು ತೋಟಾ ಸಿಕ್ಕಿ ಕೇಸಾದವರು, ನಮಗೆ ಅದು ಇದ್ದದ್ದೇ ಗೊತ್ತಿರಲಿಲ್ಲ ಅಂತ ತೋರಿಸಿ ಬಿಡುಗಡೆಯಾದ ತೀರ್ಪುಗಳು ಬೇಕಾದಷ್ಟಿವೆ. ಆದರೆ ನೀವು ಈಗ ನೋಡಿದ್ದೀರಿ. ಇನ್ನು ಮೇಲೆ ಗೊತ್ತಿರಲಿಲ್ಲ ಅನ್ನಲು ಬರುವುದಿಲ್ಲ. ಅದಕ್ಕೇ ತಡ ಮಾಡಬೇಡಿ.

ಮಾಡಬೇಕಾದದ್ದು ಇಷ್ಟೇ. ತೋಟಾವನ್ನು ನೀವೇ ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲೋ ಬೈಕಿನಲ್ಲೋ ಠಾಣೆಗೆ ಒಯ್ಯಬೇಡಿ. ನಿಮ್ಮ ಠಾಣೆಗೆ ಅಥವಾ 112ಕ್ಕೆ ಫೋನ್ ಮಾಡಿ, ಮನೆಗೇ ಬರಲು ಹೇಳಿ. ಯಾವತ್ತು, ಎಲ್ಲಿ, ಯಾರಿದ್ದಾಗ ಸಿಕ್ಕಿತು, ತಾತ ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇನೆಯಲ್ಲಿದ್ದರು, ತಳದಲ್ಲಿ ಏನು ಬರೆದಿದೆ, ಎಲ್ಲವನ್ನೂ ಒಂದು ಅರ್ಜಿಯಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ. ಊರಿನಲ್ಲಿ ಮಾಜಿ ಸೈನಿಕರು ಯಾರಾದರೂ ಇದ್ದರೆ ಅವತ್ತು ಜೊತೆಗಿರಲಿ, ಮಾತು ಸುಲಭವಾಗುತ್ತದೆ. ಬಾವಿಗೆ ಎಸೆಯುವುದು, ಹೊಲದಲ್ಲಿ ಹೂಳುವುದು, ಗುಜರಿಗೆ ಹಾಕುವುದು ಯಾವುದೂ ಬೇಡ. ಗುಜರಿ ಅಂಗಡಿಯಲ್ಲಿ ಹಿತ್ತಾಳೆ ಕರಗಿಸುವ ಮೂಸೆಗೆ ಅದು ಬಿದ್ದರೆ ಯಾರೋ ಪಾಪದ ಹುಡುಗನಿಗೆ ಪೆಟ್ಟು. 2021ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜಿಲೆಟಿನ್ ಕಡ್ಡಿಗಳನ್ನು ಸಾಗಹಾಕಲು ಹೋಗಿ ಆರು ಜನ ಸತ್ತರು. ಜಿಲೆಟಿನ್ ಬೇರೆ, ತೋಟಾ ಬೇರೆ, ಒಪ್ಪುತ್ತೇನೆ. ಗುಟ್ಟಾಗಿ ವಿಲೇವಾರಿ ಮಾಡಲು ಹೋದಾಗಲೇ ಅನಾಹುತ ಆಗುವುದು ಎರಡರಲ್ಲೂ ಒಂದೇ.

ಖಾಲಿ ಖೋಕಾ ಬಗ್ಗೆ ಕಾಯ್ದೆಯ 45ನೇ ಕಲಮಿನಲ್ಲಿ ಸಣ್ಣ ಬಿಡಿಭಾಗಗಳಿಗೆ ವಿನಾಯಿತಿ ಇದೆ. ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇರಬಾರದು, ಅಷ್ಟೇ. ಆದರೂ ಅದನ್ನೂ ಪೊಲೀಸರಿಗೆ ತೋರಿಸಿ, ಅರ್ಜಿಯಲ್ಲಿ ಬರೆದು, ತಾತನ ನೆನಪಿಗೆ ಬೇಕು ಅಂತ ಕೇಳಿ. ವಾಪಸ್ ಕೊಟ್ಟರೆ ಶೋಕೇಸಿನಲ್ಲಿ ಇಡಿ. ಆ ಅರ್ಜಿಯ ಪ್ರತಿಯನ್ನೂ ಅಲ್ಲೇ ಇಡಿ. ಬೆಂಗಳೂರಿಗೆ ವಿಮಾನ ಹತ್ತಲು ಹೋಗುವಾಗ ಮಾತ್ರ ಯಾರೂ ಅದನ್ನು ಕೀಚೈನ್ ಮಾಡಿಕೊಂಡು ಹೋಗಬೇಡಿ.

ಇದು ಟ್ರಂಕಿಗೆ ಹೇಗೆ ಬಂತು ಅಂತ ತಾತನ ಬಗ್ಗೆ ಮನಸ್ಸಿಗೆ ಬೇಸರ ಮಾಡಿಕೊಳ್ಳಬೇಡಿ. ಫೈರಿಂಗ್ ಮುಗಿದ ಮೇಲೆ ನಾವು ಖೋಕಾ ಎಣಿಸಿ ಒಪ್ಪಿಸುತ್ತೇವೆ. ‘ನನ್ನ ಹತ್ತಿರ ಜೀವಂತ ರೌಂಡಾಗಲಿ ಖಾಲಿ ಖೋಕಾ ಆಗಲಿ ಇಲ್ಲ’ ಅಂತ ಒಬ್ಬೊಬ್ಬರೂ ಹೇಳಿಯೇ ಹೊರಡಬೇಕು. ಆದರೆ ಯುದ್ಧದ ಕಾಲದಲ್ಲಿ ಚೀಲದ ತಳದಲ್ಲೋ ಕೋಟಿನ ಜೇಬಿನಲ್ಲೋ ಒಂದು ಉಳಿದು, ಹಾಗೇ ಊರಿಗೆ ಬಂದದ್ದನ್ನು ನಾನೇ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಪೊಲೀಸರು ಬಂದು ಹೋದ ಮೇಲೆ ಅದೇ ಟ್ರಂಕನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. 1958ರಿಂದ 1977 ಅಂದರೆ ಮೂರು ಯುದ್ಧದ ಕಾಲ. ಪದಕಗಳು ಇದ್ದೇ ಇರಬೇಕು. ರಿಬ್ಬನ್ ಗೆದ್ದಲು ತಿಂದಿದ್ದರೂ ಪರವಾಗಿಲ್ಲ. ಪದಕದ ಅಂಚನ್ನು ಬೆಳಕಿಗೆ ಹಿಡಿದು, ಬೇಕಾದರೆ ಭೂತಗನ್ನಡಿ ಇಟ್ಟು ನೋಡಿ. ಅಲ್ಲಿ ತಾತನ ಆರ್ಮಿ ನಂಬರು, ಹೆಸರು, ರೆಜಿಮೆಂಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕೊರೆದಿರುತ್ತದೆ. ಆ ನಂಬರನ್ನೂ ಡಿಸ್ಚಾರ್ಜ್ ಪುಸ್ತಕದ ಮೊದಲ ಪುಟದ ಫೋಟೋವನ್ನೂ ನನಗೆ ಕಳಿಸಿ. ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಏನಂತ ಪತ್ರ ಬರೆಯಬೇಕು ಅಂತ ನಾನೇ ಬರೆದುಕೊಡುತ್ತೇನೆ.